ರಾಜಕೀಯ ಅರ್ಥಶಾಸ್ತ್ರದ ಪದವಿ ಓದು: ಎರಡು ತರಗತಿಗಳು ಎರಡು ಮಾತು ಹೇಳಿದಾಗ ಯಾವುದನ್ನು ಹಿಡಿಯಬೇಕು?

ಪ್ರಶ್ನೆ (ಪದವಿ ಎರಡನೇ ವರ್ಷದ ವಿದ್ಯಾರ್ಥಿನಿ)

ನಾನು ರಾಜಕೀಯ ಅರ್ಥಶಾಸ್ತ್ರವನ್ನು ಮುಖ್ಯ ವಿಷಯವಾಗಿ ಆರಿಸಿಕೊಂಡು ಓದುತ್ತಿದ್ದೇನೆ. ಮೊದಲ ವರ್ಷ ಹೇಗೋ ಕಳೆಯಿತು. ಈ ವರ್ಷ ಮಾತ್ರ ಒಂದು ಗೊಂದಲ ಬಿಡದೆ ಕಾಡುತ್ತಿದೆ.

ಬೆಳಗಿನ ತರಗತಿಯಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ರಿಕಾರ್ಡೊನ ಪ್ರಸಿದ್ಧ ಕೋಷ್ಟಕವನ್ನು ಕಲಿಸಿದರು. ಒಂದು ವರ್ಷಕ್ಕೆ ಬೇಕಾದ ಬಟ್ಟೆ ನೇಯಲು ಇಂಗ್ಲೆಂಡಿಗೆ 100 ಜನರ ದುಡಿಮೆ ಬೇಕು, ವೈನ್ ತಯಾರಿಸಲು 120 ಜನರದು; ಪೋರ್ಚುಗಲ್ಲಿಗೆ ಬಟ್ಟೆಗೆ 90, ವೈನಿಗೆ 80. ಎರಡರಲ್ಲೂ ಪೋರ್ಚುಗಲ್ಲೇ ಮುಂದಿದ್ದರೂ ಇಂಗ್ಲೆಂಡ್ ಬಟ್ಟೆ ಕೊಟ್ಟು ವೈನ್ ಪಡೆದರೆ ಇಬ್ಬರಿಗೂ ದುಡಿಮೆ ಉಳಿಯುತ್ತದೆ ಎಂಬ ತೀರ್ಮಾನವನ್ನು ನಾನು ಹಾಳೆಯ ಮೇಲೆ ಲೆಕ್ಕ ಮಾಡಿ ಒಪ್ಪಿಕೊಂಡೆ. ಅದೇ ದಿನ ಮಧ್ಯಾಹ್ನ ಇನ್ನೊಬ್ಬ ಅಧ್ಯಾಪಕರು, ಆ ಎರಡು ದೇಶಗಳು ಬಟ್ಟೆ ಮತ್ತು ವೈನನ್ನು ಕೈಬದಲಾಯಿಸಿದ್ದು ಯಾವ ಕೋಷ್ಟಕವನ್ನೂ ನೋಡಿ ಅಲ್ಲ, 1703ರ ಮೆಥುಯೆನ್ ಒಪ್ಪಂದದಿಂದ ಎಂದರು. ಇಂಗ್ಲೆಂಡಿನ ಉಣ್ಣೆಬಟ್ಟೆಯನ್ನು ಪೋರ್ಚುಗಲ್ ಒಳಗೆ ಬಿಟ್ಟುಕೊಳ್ಳಬೇಕು, ಪೋರ್ಚುಗಲ್ಲಿನ ವೈನಿಗೆ ಇಂಗ್ಲೆಂಡ್ ಫ್ರೆಂಚ್ ವೈನಿಗಿಂತ ಮೂರನೇ ಒಂದು ಭಾಗ ಕಡಿಮೆ ಸುಂಕ ಹಾಕಬೇಕು ಎಂಬುದು ಅದರ ಸಾರ. ಇಬ್ಬರು ಅಧ್ಯಾಪಕರೂ ಒಬ್ಬರ ಮಾತನ್ನು ಇನ್ನೊಬ್ಬರು ಎತ್ತುವುದಿಲ್ಲ. ಪರೀಕ್ಷೆಯಲ್ಲಿ ಯಾರ ಪ್ರಶ್ನೆ ಬಂದಿದೆಯೋ ಅವರ ಉತ್ತರ ಬರೆಯುತ್ತೇನೆ, ಅಂಕವೂ ಬರುತ್ತದೆ. ಆದರೆ ನನಗೆ ಏನು ತಿಳಿದಿದೆ ಎಂದು ಯಾರಾದರೂ ಕೇಳಿದರೆ ಹೇಳಲು ಬಾಯಿ ಬರುವುದಿಲ್ಲ.

ಈ ಒಪ್ಪಂದದ ಮೇಲೆಯೇ ಬರೆದ ಪ್ರಬಂಧ ಕಳೆದ ವಾರ ಹಿಂತಿರುಗಿ ಬಂತು. ಅಂಚಿನಲ್ಲಿ ಇದ್ದ ಟಿಪ್ಪಣಿ ಒಂದೇ ಸಾಲಿನದು: "ಯಾರಿಗೆ ಲಾಭವಾಯಿತು ಎಂದು ಹೇಳಿದ್ದೀರಿ, ಏಕೆ ಹಾಗಾಯಿತು ಎಂದು ಹೇಳಿಲ್ಲ." ಲಾಭ ಪಡೆದವರನ್ನು ತೋರಿಸಿದ ಮೇಲೆ ಕಾರಣವನ್ನು ತೋರಿಸಿದಂತೆಯೇ ಅಲ್ಲವೇ ಎಂಬುದು ನನ್ನ ಸಂಶಯ. ಜೊತೆಗೆ ಗಣಿತದ ಐಚ್ಛಿಕ ಪತ್ರಿಕೆಯನ್ನು ಮುಂದುವರಿಸಬೇಕೇ, ಬಿಡಬಹುದೇ ಎಂಬುದನ್ನೂ ಈ ತಿಂಗಳೊಳಗೆ ತೀರ್ಮಾನಿಸಬೇಕಾಗಿದೆ. ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ 1 (ನಿವೃತ್ತ ಅಧ್ಯಾಪಕ)

ನಿಮ್ಮ ಗೊಂದಲ ನಿಮ್ಮೊಬ್ಬರದಲ್ಲ, ಶಾಸ್ತ್ರದ್ದೇ. ಅದರ ಹೆಸರಿನ ಚರಿತ್ರೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮನೆವಾರ್ತೆ ನೋಡಿಕೊಳ್ಳುವುದನ್ನು ಗ್ರೀಕರು ಯಾವ ಮಾತಿನಿಂದ ಕರೆಯುತ್ತಿದ್ದರೋ ಅದಕ್ಕೆ ರಾಜ್ಯದ ವಿಶೇಷಣ ಹಚ್ಚಿ, ಇಡೀ ರಾಜ್ಯದ ಮನೆವಾರ್ತೆ ಎಂಬ ಅರ್ಥದಲ್ಲಿ ಫ್ರಾನ್ಸಿನ ಮೋಂಕ್ರೆಸ್ತಿಯೆಂ 1615ರಲ್ಲಿ ತನ್ನ ಗ್ರಂಥಕ್ಕೆ ಈ ಹೆಸರಿಟ್ಟ. ಮುಂದೆ ಸ್ಮಿತ್, ರಿಕಾರ್ಡೊ, ಮಿಲ್ ಎಲ್ಲರೂ ತಾವು ಮಾಡುತ್ತಿರುವುದು ರಾಜಕೀಯ ಅರ್ಥಶಾಸ್ತ್ರವೆಂದೇ ತಿಳಿದಿದ್ದರು. ಸೀಮಾಂತ ತುಷ್ಟಿಗುಣವನ್ನು (ಒಂದು ವಸ್ತು ಇನ್ನೊಂದಿಷ್ಟು ಸಿಕ್ಕಾಗ ಹೆಚ್ಚುವ ತೃಪ್ತಿಯನ್ನು) ಗಣಿತದಲ್ಲಿ ಮಂಡಿಸಿದ ಜೆವನ್ಸ್ ಕೂಡ 1871ರಲ್ಲಿ ಅದೇ ಹೆಸರಿನಲ್ಲಿ ಬರೆದು, 1879ರ ಎರಡನೇ ಮುದ್ರಣದ ಮುನ್ನುಡಿಯಲ್ಲಿ 'ರಾಜಕೀಯ' ಎಂಬುದನ್ನು ಕೈಬಿಡುವುದು ಒಳ್ಳೆಯದೆಂದ. 1890ರಲ್ಲಿ ಮಾರ್ಷಲ್‌ನ ಗ್ರಂಥ ಬರುವ ಹೊತ್ತಿಗೆ ಆ ವಿಶೇಷಣ ಹೆಸರಿನಿಂದ ಜಾರಿಹೋಗಿತ್ತು. ನಿಮ್ಮ ಬೆಳಗಿನ ಮತ್ತು ಮಧ್ಯಾಹ್ನದ ತರಗತಿಗಳು ಒಂದೇ ಮನೆ ಪಾಲಾದ ಮೇಲಿನ ಎರಡು ಪಾಲುಗಳು.

ಇಲ್ಲಿ ಕನ್ನಡದ ಮಟ್ಟಿಗೆ ಒಂದು ಮಾತು. 'ರಾಜಕೀಯ' ಎಂದ ಕೂಡಲೇ ನಮ್ಮ ಕಿವಿಗೆ ಪಕ್ಷ, ಚುನಾವಣೆ, ಒಳಸಂಚು ಕೇಳಿಸುತ್ತದೆ. ಆದ್ದರಿಂದ ಈ ವಿಷಯ ಓದುವವರಿಗೆ ಮನೆಯವರು "ಮುಂದೆ ಚುನಾವಣೆಗೆ ನಿಲ್ಲುತ್ತೀಯಾ" ಎಂದು ಕೇಳುವುದುಂಟು. ತಮಾಷೆಯೆಂದರೆ, ಕೌಟಿಲ್ಯನ ಕಾಲದ ಅರ್ಥದಲ್ಲಿ 'ಅರ್ಥಶಾಸ್ತ್ರ' ಎಂಬ ಒಂದೇ ಪದ ಸಾಕಾಗಿತ್ತು. ಕಂದಾಯ, ಗಣಿ, ತೂಕದ ಕಲ್ಲು, ದಂಡನೆ, ಸಂಧಿ, ಯುದ್ಧ ಎಲ್ಲವೂ ಅದರೊಳಗೇ ಇದ್ದವು.

ಈಗ ನಿಮ್ಮ ಕೋಷ್ಟಕಕ್ಕೆ ಬರೋಣ. ಆ ನಾಲ್ಕು ಸಂಖ್ಯೆಗಳು ಉತ್ತರಿಸುವ ಪ್ರಶ್ನೆ ಒಂದೇ: ವೆಚ್ಚಗಳು ಹೀಗಿದ್ದರೆ ವ್ಯಾಪಾರದಿಂದ ಒಟ್ಟಾರೆ ಏನು ಉಳಿಯುತ್ತದೆ? ಉಳಿದದ್ದು ದೇಶದೊಳಗೆ ಯಾರ ಕೈ ಸೇರಿತು, ಗಡಿಯಲ್ಲಿ ಎಷ್ಟು ಸುಂಕವಿರಬೇಕೆಂದು ಯಾರು ನಿರ್ಧರಿಸಿದರು, ನಷ್ಟಕ್ಕೆ ಒಳಗಾದ ನೇಕಾರ ಏಕೆ ಅದನ್ನು ತಡೆಯಲಾಗಲಿಲ್ಲ ಎಂಬುದನ್ನು ಅವು ಹೇಳುವುದಿಲ್ಲ, ಹೇಳುತ್ತೇವೆಂದು ಮಾತೂ ಕೊಟ್ಟಿಲ್ಲ. ಮಧ್ಯಾಹ್ನದ ತರಗತಿ ಆ ಪ್ರಶ್ನೆಗಳನ್ನು ಎತ್ತಿಕೊಳ್ಳುತ್ತದೆ. ಎರಡರಲ್ಲಿ ಒಂದನ್ನು ನಂಬುವ ಅಗತ್ಯವಿಲ್ಲ. ಯಾವ ಪ್ರಶ್ನೆ ನಡೆಯುತ್ತಿದೆ ಎಂಬ ಎಚ್ಚರ ತಪ್ಪಬಾರದು.

ಅಂಚಿನ ಟಿಪ್ಪಣಿಯ ವಿಷಯ ಹೆಚ್ಚು ಮುಖ್ಯವಾದದ್ದು. ಲಾಭ ಪಡೆದವನೇ ಕಾರಣ ಎಂಬ ತರ್ಕ ಎಲ್ಲಿ ಮುರಿಯುತ್ತದೆ ಎಂದು ನೋಡಲು ಬ್ರಿಟನ್ನಿನ ಧಾನ್ಯ ಕಾನೂನುಗಳಷ್ಟು ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಒಂದು ಕ್ವಾರ್ಟರ್ (ಅಲ್ಲಿನ ಹಳೆಯ ಧಾನ್ಯದ ಅಳತೆ) ಗೋಧಿಯ ಬೆಲೆ 80 ಶಿಲಿಂಗ್ ಮುಟ್ಟುವ ತನಕ ಹೊರದೇಶದ ಗೋಧಿ ಮಾರುಕಟ್ಟೆಗೆ ಬರಕೂಡದು ಎಂದು 1815ರಲ್ಲಿ ಪಾರ್ಲಿಮೆಂಟ್ ಕಾನೂನು ಮಾಡಿತು. ಪಾರ್ಲಿಮೆಂಟಿನ ತುಂಬ ಭೂಮಾಲೀಕರು; ಧಾನ್ಯದ ಬೆಲೆ ಏರಿದರೆ ಗೇಣಿ ಏರುತ್ತದೆ; ಕಾನೂನು ಬಂತು. ಇಲ್ಲಿಯವರೆಗೆ ನಿಮ್ಮ ಪ್ರಬಂಧದ ತರ್ಕ ಸರಾಗವಾಗಿ ನಡೆಯುತ್ತದೆ. ಆದರೆ 1846ರಲ್ಲಿ ಆ ಕಾನೂನನ್ನು ರದ್ದು ಮಾಡಿದ್ದೂ ಪಾರ್ಲಿಮೆಂಟೇ, ಆಗಲೂ ಅಲ್ಲಿ ಭೂಮಾಲೀಕರದೇ ಮೇಲುಗೈ. ರದ್ದು ಮಾಡಿಸಿದ ಪ್ರಧಾನಿ ರಾಬರ್ಟ್ ಪೀಲ್ ಭೂಮಾಲೀಕರ ಪಕ್ಷದ ನಾಯಕ. ಅವನ ಪಕ್ಷದ ಬಹುಪಾಲು ಸದಸ್ಯರು ವಿರುದ್ಧ ಮತ ಹಾಕಿದರು, ಎದುರು ಪಕ್ಷದವರ ಮತದಿಂದ ಮಸೂದೆ ಗೆದ್ದಿತು, ಪಕ್ಷ ಒಡೆಯಿತು, ಅದೇ ವರ್ಷ ಅವನ ಅಧಿಕಾರವೂ ಹೋಯಿತು. ಹಾಗಾದರೆ ಕಾರಣ ಯಾವುದು? ಕಾರ್ಖಾನೆದಾರರ ಸಂಘಟನೆಯೇ, 1832ರ ಚುನಾವಣಾ ಸುಧಾರಣೆಯಿಂದ ಬದಲಾದ ಮತದಾರರ ಪಟ್ಟಿಯೇ, 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ಬಿದ್ದ ರೋಗವೇ, ಅಥವಾ ಅಗ್ಗದ ಧಾನ್ಯದ ವಾದವನ್ನು ಪೀಲ್ ಪ್ರಾಮಾಣಿಕವಾಗಿ ಒಪ್ಪಿಕೊಂಡದ್ದೇ? ಹಿತಾಸಕ್ತಿ, ಸಂಸ್ಥೆ, ಸಂದರ್ಭ, ವಿಚಾರ ಈ ನಾಲ್ಕೂ ಮೈದಾನದಲ್ಲಿವೆ. ಯಾವುದಕ್ಕೆ ಎಷ್ಟು ತೂಕ ಎಂದು ವಾದಿಸುವುದೇ 'ಏಕೆ' ಎಂಬುದಕ್ಕೆ ಉತ್ತರ.

ಇನ್ನೊಂದು ಸಂಗತಿ ಹೇಳದೆ ಇರಲಾರೆ. ಈ ಕಾನೂನಿನ ವಿರುದ್ಧ 1815ರಲ್ಲೇ ಬರೆದ ರಿಕಾರ್ಡೊ ಅದರ ಹಿಂದಿನ ವರ್ಷ ದೊಡ್ಡ ಜಮೀನು ಕೊಂಡು ಸ್ವತಃ ಭೂಮಾಲೀಕನಾಗಿದ್ದ. ಕಾನೂನಿನ ಪರವಾಗಿ ನಿಂತವನು ಅವನ ಆಪ್ತ ಗೆಳೆಯ ಮಾಲ್ಥಸ್, ಸಂಬಳಕ್ಕೆ ಪಾಠ ಹೇಳುತ್ತಿದ್ದ ಪ್ರಾಧ್ಯಾಪಕ. ಜೇಬು ನೋಡಿ ವಾದವನ್ನು ಊಹಿಸಹೊರಟರೆ ಇಬ್ಬರ ವಿಷಯದಲ್ಲೂ ಸೋಲುತ್ತೀರಿ.

ಉತ್ತರ 2 (ಇದೇ ವಿಷಯದಲ್ಲಿ ಪದವಿ ಮುಗಿಸಿ ಅಂಕಿಅಂಶಗಳ ಕೆಲಸದಲ್ಲಿರುವವರು)

ಮೇಷ್ಟ್ರು ಹೇಳಿದ್ದನ್ನು ಒಪ್ಪುತ್ತೇನೆ, ಒಂದು ಅಂಶವನ್ನು ಬಿಟ್ಟು. ಕೋಷ್ಟಕ ಒಂದು ಪ್ರಶ್ನೆಗೆ, ಒಪ್ಪಂದ ಇನ್ನೊಂದು ಪ್ರಶ್ನೆಗೆ ಎಂದು ಅವರು ಬೇಲಿ ಹಾಕಿಕೊಟ್ಟದ್ದು ಸ್ವಲ್ಪ ಅವಸರವಾಯಿತೇನೋ. ರಿಕಾರ್ಡೊನ 1817ರ ಗ್ರಂಥದಲ್ಲಿ ವಿದೇಶ ವ್ಯಾಪಾರದ ಅಧ್ಯಾಯ ಏಳನೆಯದು. ನಾನು ಅದನ್ನು ಮೂರನೇ ವರ್ಷದಲ್ಲಿ, ಪಠ್ಯಪುಸ್ತಕದ ಸಾರಾಂಶವನ್ನು ಎರಡು ವರ್ಷ ಉರು ಹೊಡೆದ ಮೇಲೆ, ಮೊದಲ ಬಾರಿ ಓದಿದೆ. ಆ ನಾಲ್ಕು ಸಂಖ್ಯೆಗಳ ಬೆನ್ನಿಗೇ ರಿಕಾರ್ಡೊ ತಾನಾಗಿ ಒಂದು ಪ್ರಶ್ನೆ ಎತ್ತುತ್ತಾನೆ: ಎರಡು ವಸ್ತುಗಳೂ ಪೋರ್ಚುಗಲ್ಲಿನಲ್ಲೇ ಕಡಿಮೆ ದುಡಿಮೆಗೆ ಆಗುವಾಗ ಇಂಗ್ಲೆಂಡಿನ ಬಂಡವಾಳ, ಕೆಲಸಗಾರರು ಎಲ್ಲ ಅಲ್ಲಿಗೇ ಹೋಗಿ ಎರಡನ್ನೂ ಅಲ್ಲೇ ಏಕೆ ಮಾಡಬಾರದು? ಹೋಗುವಂತಿದ್ದರೆ ಬಂಡವಾಳಗಾರರಿಗೂ ಕೊಳ್ಳುವವರಿಗೂ ಅದೇ ಅನುಕೂಲ ಎಂದು ಒಪ್ಪಿಕೊಂಡು, ಆದರೆ ಜನ ತಮ್ಮ ಆಸ್ತಿಯನ್ನು ಅಪರಿಚಿತ ಸರ್ಕಾರ, ಅಪರಿಚಿತ ಕಾನೂನುಗಳ ಕೈಗೆ ಒಪ್ಪಿಸಲು ಹಿಂಜರಿಯುತ್ತಾರೆ ಎನ್ನುತ್ತಾನೆ. ಈ ಹಿಂಜರಿಕೆ ಸಡಿಲವಾದರೆ ತನಗೆ ಬೇಸರವಾಗುತ್ತದೆ ಎಂದೂ ಸೇರಿಸುತ್ತಾನೆ. ಅಂದರೆ ಬೆಳಗಿನ ಕೋಷ್ಟಕ ನಿಂತಿರುವುದೇ ಒಂದು ರಾಜಕೀಯ ಷರತ್ತಿನ ಮೇಲೆ, ಆ ಷರತ್ತನ್ನು ಕೋಷ್ಟಕ ಬರೆದವನೇ ಪಕ್ಕದಲ್ಲಿ ಬರೆದಿಟ್ಟಿದ್ದಾನೆ. ಪಠ್ಯಪುಸ್ತಕ ಸಂಖ್ಯೆಗಳನ್ನು ಉಳಿಸಿಕೊಂಡು ಷರತ್ತನ್ನು ಬಿಟ್ಟುಬಿಟ್ಟಿದೆ.

ಆದ್ದರಿಂದ ನನ್ನ ಸಲಹೆ ಇಷ್ಟು: ದಪ್ಪ ಗ್ರಂಥಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತೇನೆಂದು ಹಠ ಹಿಡಿಯಬೇಡಿ, ಮೂವತ್ತನೇ ಪುಟದಲ್ಲಿ ಎಲ್ಲರಿಗೂ ನಿದ್ದೆ ಬರುತ್ತದೆ. ತರಗತಿಯಲ್ಲಿ ಯಾವ ವಾದ ಬಂತೋ ಆ ಒಂದು ಅಧ್ಯಾಯವನ್ನು ಮೂಲದಲ್ಲಿ ಓದಿ, ಓದುವಾಗ ಪ್ರತಿ ಪ್ಯಾರಾದ ಎದುರಿಗೆ ಅಂಚಿನಲ್ಲಿ ಅದು ಏನು ಮಾಡುತ್ತಿದೆ ಎಂದು ಎರಡು ಪದ ಬರೆಯಿರಿ: 'ಊಹೆ', 'ಉದಾಹರಣೆ', 'ಆಕ್ಷೇಪಕ್ಕೆ ಉತ್ತರ', ಹೀಗೆ. ಸಾರಾಂಶ ಬರೆದರೆ ಲೇಖಕ ಏನು ಹೇಳಿದ ಎಂಬುದು ಉಳಿಯುತ್ತದೆ. ಹೀಗೆ ಗುರುತು ಹಾಕಿದರೆ ಯಾವ ಕಲ್ಲು ಎಳೆದರೆ ಗೋಡೆ ಬೀಳುತ್ತದೆ ಎಂಬುದು ಕಾಣುತ್ತದೆ.

ಗಣಿತವನ್ನು ಬಿಡಬೇಡಿ. ಕಲನಶಾಸ್ತ್ರ ಸ್ವಲ್ಪ ಸಾಕು, ಸಂಖ್ಯಾಶಾಸ್ತ್ರ ಹೆಚ್ಚು ಬೇಕು. ಅಧಿಕಾರ, ವರ್ಗ, ಹಕ್ಕು ಎಂದು ಮಾತನಾಡುವವರಿಗೆ ಸಂಖ್ಯೆ ಏಕೆ ಎಂದು ನಾನೂ ಅಂದುಕೊಂಡಿದ್ದೆ. 1943ರ ಬಂಗಾಳದ ಕ್ಷಾಮದ ಬಗ್ಗೆ ಅಮರ್ತ್ಯ ಸೇನ್ 1981ರಲ್ಲಿ ಮಂಡಿಸಿದ ವಾದವನ್ನು ಓದಿದ ಮೇಲೆ ಆ ಮಾತು ಬಿಟ್ಟೆ. ಕ್ಷಾಮವಿಲ್ಲದ 1941ಕ್ಕೆ ಹೋಲಿಸಿದರೆ 1943ರಲ್ಲಿ ಲಭ್ಯವಿದ್ದ ಧಾನ್ಯ ಕಡಿಮೆಯಿರಲಿಲ್ಲ, ಅಕ್ಕಿಯ ಬೆಲೆ ಏರಿದ ವೇಗಕ್ಕೆ ಕೃಷಿ ಕೂಲಿಕಾರರ ಕೂಲಿ ಏರಲಿಲ್ಲ, ಆದ್ದರಿಂದ ಅವರ ದುಡಿಮೆಗೆ ಅಕ್ಕಿ ಸಿಗುವ ಹಕ್ಕೇ ಕುಸಿಯಿತು ಎಂಬುದು ಅವರ ನಿಲುವು. ಇಲ್ಲಿ ಗಮನಿಸಬೇಕಾದದ್ದು, 'ಯಾರ ಕೈಯಲ್ಲಿ ಅಧಿಕಾರವಿತ್ತು' ಎಂಬ ತೀರ್ಮಾನ ಕೂಲಿಗೂ ಅಕ್ಕಿಗೂ ಇರುವ ಅನುಪಾತದ ಪಟ್ಟಿಯಿಂದ ಹುಟ್ಟಿತು ಎಂಬುದು. ಅವರ ಬೆಳೆ ಅಂದಾಜುಗಳನ್ನು ನಂಬಲಾಗದು ಎಂದು ಎದುರು ವಾದಿಸಿದವರೂ ಇದ್ದಾರೆ. ಅವರೂ ಸಂಖ್ಯೆಗಳನ್ನು ಹಿಡಿದೇ ವಾದಿಸಬೇಕಾಯಿತು. ಪಟ್ಟಿ ಓದಲು ಬಾರದವರು ಆ ಜಗಳದಲ್ಲಿ ಪ್ರೇಕ್ಷಕರು ಮಾತ್ರ.

ಉತ್ತರ 3 (ಸಂಶೋಧನಾ ವಿದ್ಯಾರ್ಥಿ)

ಯಾರೂ ಎತ್ತದ ಒಂದು ಎಚ್ಚರಿಕೆ ಇದೆ. ರಾಜಕೀಯ ಅರ್ಥಶಾಸ್ತ್ರ ಎಂಬ ಫಲಕದ ಕೆಳಗೆ ಇಂದು ಕನಿಷ್ಠ ಎರಡು ಮನೆತನಗಳು ವಾಸಿಸುತ್ತಿವೆ, ಅವು ಒಂದರ ಮನೆಗೆ ಒಂದು ಹೋಗುವುದು ಅಪರೂಪ. ಒಂದು ಮಾರ್ಕ್ಸ್‌ನಿಂದ ಬಂದದ್ದು: ಅದಕ್ಕೆ ವರ್ಗ, ಉತ್ಪಾದನೆಯ ಸಾಧನಗಳ ಒಡೆತನ, ಬಂಡವಾಳದ ಬಿಕ್ಕಟ್ಟು ಮುಖ್ಯ. ಇನ್ನೊಂದು, ಗ್ರಾಹಕನಿಗೆ ಹಚ್ಚುತ್ತಿದ್ದ ಲೆಕ್ಕಾಚಾರವನ್ನು ಮತದಾರನಿಗೂ ಮಂತ್ರಿಗೂ ಹಚ್ಚಿದ್ದು. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಡೌನ್ಸ್ 1957ರಲ್ಲಿ ಪಕ್ಷಗಳ ಸ್ಪರ್ಧೆಯ ಬಗ್ಗೆ, ಓಲ್ಸನ್ 1965ರಲ್ಲಿ ಸಾಮೂಹಿಕ ಕ್ರಿಯೆಯ (ಜನ ಒಟ್ಟುಗೂಡಿ ಕೆಲಸ ಮಾಡುವುದರ) ಬಗ್ಗೆ ಬರೆದ ಮೇಲೆ ಅದು ಬೆಳೆಯಿತು. ನಿಮ್ಮ ವಿಭಾಗ ಯಾವುದನ್ನು ಕಲಿಸುತ್ತಿದೆ ಎಂಬುದನ್ನು ಪಠ್ಯಕ್ರಮದ ಹೆಸರಿನಿಂದ ತಿಳಿಯಲಾಗದು, ಓದಲು ಕೊಟ್ಟ ಪಟ್ಟಿಯಿಂದ ತಿಳಿಯಬೇಕು.

ಓಲ್ಸನ್ ಹೇಳಿದ್ದನ್ನು ಒಂದು ಸಣ್ಣ ಲೆಕ್ಕದಲ್ಲಿ ಇಡಬಹುದು. ಒಂದು ಸುಂಕದಿಂದ ಒಂದು ಕೋಟಿ ಗ್ರಾಹಕರು ತಲಾ 10 ರೂಪಾಯಿಯಂತೆ ಕಳೆದುಕೊಳ್ಳುತ್ತಾರೆ, ಹತ್ತು ಕಾರ್ಖಾನೆಗಳು ತಲಾ 50 ಲಕ್ಷ ಗಳಿಸುತ್ತವೆ ಎಂದುಕೊಳ್ಳಿ. ಒಟ್ಟು ನಷ್ಟ ಹತ್ತು ಕೋಟಿ, ಒಟ್ಟು ಲಾಭ ಐದು ಕೋಟಿ. ಆದರೂ ಸುಂಕ ಉಳಿಯುತ್ತದೆ, ಏಕೆಂದರೆ 10 ರೂಪಾಯಿ ಉಳಿಸಲು ಯಾವ ಗ್ರಾಹಕನೂ ಒಂದು ದಿನದ ಕೆಲಸ ಬಿಟ್ಟು ಸಭೆಗೆ ಬರುವುದಿಲ್ಲ, 50 ಲಕ್ಷಕ್ಕಾಗಿ ಕಾರ್ಖಾನೆಯವರು ಒಬ್ಬ ವಕೀಲನನ್ನು ಕಾಯಂ ಇಟ್ಟುಕೊಳ್ಳುತ್ತಾರೆ. 'ಲಾಭ ಯಾರಿಗೆ' ಎಂಬುದಕ್ಕೂ 'ಏಕೆ ಹಾಗಾಯಿತು' ಎಂಬುದಕ್ಕೂ ನಡುವೆ ಇರಬೇಕಾದ ಕೊಂಡಿ ಇದು: ಲಾಭ ಪಡೆಯುವವರು ಒಟ್ಟುಗೂಡಲು ಸಾಧ್ಯವಾದದ್ದು ಹೇಗೆ ಎಂದು ತೋರಿಸಬೇಕು. ನಿಮ್ಮ ಅಧ್ಯಾಪಕರು ಕೇಳಿದ್ದು ಬಹುಶಃ ಈ ಕೊಂಡಿಯನ್ನೇ.

ಮೊದಲ ಉತ್ತರ ಬರೆದ ಹಿರಿಯರಿಗೆ ಒಂದು ವಿನಯಪೂರ್ವಕ ಆಕ್ಷೇಪ. 1846ರ ಘಟನೆಯಿಂದ ಹಿತಾಸಕ್ತಿಯ ವಿವರಣೆ ಸೋತಿತು ಎಂಬ ಭಾವನೆ ಓದುಗರಿಗೆ ಬರುವಂತಿದೆ. ಆ ಹೊತ್ತಿಗೆ ಎಷ್ಟೋ ಭೂಮಾಲೀಕರು ರೈಲ್ವೆ ಮುಂತಾದ ಉದ್ಯಮಗಳಲ್ಲೂ ಹಣ ಹೂಡಿದ್ದರು, ಆದ್ದರಿಂದ ಅವರ ಹಿತಾಸಕ್ತಿಯೇ ಬದಲಾಗಿತ್ತು ಎಂದು ವಾದಿಸಿದ ವಿದ್ವಾಂಸರಿದ್ದಾರೆ. ಭೂಮಾಲೀಕ ಎಂಬ ಹೆಸರು ಹಾಗೇ ಉಳಿದಿರಬಹುದು, ಅವನ ಆದಾಯ ಬರುವ ದಾರಿ ಬೇರೆಯಾಗಿರಬಹುದು.

ಉತ್ತರ 1ರವರ ಮರುನುಡಿ

ಆಕ್ಷೇಪ ಸರಿಯಾಗಿದೆ, ಒಪ್ಪಿಕೊಳ್ಳುತ್ತೇನೆ. ಆದರೆ ಅದನ್ನು ಹೀಗೇ ಬಿಟ್ಟರೆ ಅಪಾಯವೂ ಇದೆ: ಭೂಮಾಲೀಕ ಕಾನೂನಿನ ಪರ ಮತ ಹಾಕಿದರೆ ಹಿತಾಸಕ್ತಿ, ವಿರುದ್ಧ ಹಾಕಿದರೂ ಬದಲಾದ ಹಿತಾಸಕ್ತಿ ಎಂದಾದರೆ ಆ ವಿವರಣೆ ಎಂದೂ ಸೋಲುವುದಿಲ್ಲ, ಎಂದೂ ಸೋಲದ ವಿವರಣೆಯಿಂದ ಕಲಿಯುವುದಕ್ಕೂ ಏನೂ ಇರುವುದಿಲ್ಲ. ರೈಲ್ವೆಯಲ್ಲಿ ಹಣ ಹೂಡಿದ್ದ ಸದಸ್ಯರು ಹೂಡದವರಿಗಿಂತ ಹೆಚ್ಚಾಗಿ ರದ್ದತಿಯ ಪರ ಮತ ಹಾಕಿದ್ದಾರೆಯೇ ಎಂದು ನೋಡಬೇಕು. ಮತದಾನದ ಪಟ್ಟಿಗಳು ಉಳಿದಿವೆ, ಆದ್ದರಿಂದ ನೋಡಲು ಸಾಧ್ಯ. ಗಣಿತದ ಪತ್ರಿಕೆಯನ್ನು ಬಿಡಬೇಡಿ ಎಂದ ಗೆಳೆಯರ ಮಾತಿಗೆ ಇದೂ ಒಂದು ಸಮರ್ಥನೆ.

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಕೃತಜ್ಞತೆಗಳು. ಗಣಿತವನ್ನು ಮುಂದುವರಿಸುತ್ತೇನೆ. ಏಳನೇ ಅಧ್ಯಾಯವನ್ನು ನಿನ್ನೆ ರಾತ್ರಿ ಓದಿದೆ. ಬಂಡವಾಳದ ಹಿಂಜರಿಕೆಯ ಆ ಸಾಲುಗಳನ್ನು ತಲುಪಿದಾಗ, ಎರಡು ತರಗತಿಗಳ ನೋಟ್ಸನ್ನೂ ಒಂದೇ ಪುಸ್ತಕದಲ್ಲಿ ಬರೆದುಕೊಳ್ಳಬಹುದಿತ್ತಲ್ಲ ಎನಿಸಿತು.

ಪ್ರಬಂಧವನ್ನು ತಿದ್ದಿ ಬರೆಯಲು ಅನುಮತಿ ಸಿಕ್ಕಿದೆ. ಮೊದಲು ನಾನು "ಇಂಗ್ಲೆಂಡಿಗೆ ಲಾಭವಿತ್ತು, ಆದ್ದರಿಂದ ಮೆಥುಯೆನ್ ಒಪ್ಪಂದ ಆಯಿತು" ಎಂದು ಬರೆದಿದ್ದೆ. ಈಗ ಪ್ರಶ್ನೆಯನ್ನೇ ತಿರುಗಿಸಿದ್ದೇನೆ: ತನ್ನದೇ ನೇಕಾರರಿಗೆ ಪೆಟ್ಟು ಕೊಡುವ ಒಪ್ಪಂದಕ್ಕೆ ಪೋರ್ಚುಗಲ್ ಏಕೆ ಸಹಿ ಹಾಕಿತು? ನನಗೆ ಎರಡು ಉತ್ತರಗಳು ಕಾಣುತ್ತಿವೆ. ಸ್ಪೇನಿನ ಸಿಂಹಾಸನದ ಉತ್ತರಾಧಿಕಾರಕ್ಕಾಗಿ ಯುದ್ಧ ನಡೆಯುತ್ತಿದ್ದ ಆ 1703ರಲ್ಲೇ ಪೋರ್ಚುಗಲ್ ಫ್ರಾನ್ಸಿನ ವಿರುದ್ಧದ ಮೈತ್ರಿಕೂಟವನ್ನು ಸೇರಿತ್ತು, ಹಾಗಾಗಿ ಇದು ರಕ್ಷಣೆಗೆ ತೆತ್ತ ಬೆಲೆ ಎನ್ನಬಹುದು. ಅಥವಾ ದ್ರಾಕ್ಷಿ ತೋಟಗಳಿದ್ದ ಜಮೀನ್ದಾರರ ಮಾತು ಅರಮನೆಯಲ್ಲಿ ನಡೆಯುತ್ತಿತ್ತು, ನೇಕಾರರದು ನಡೆಯುತ್ತಿರಲಿಲ್ಲ ಎನ್ನಬಹುದು. ಎರಡನ್ನೂ ಬರೆದು, ಎರಡೂ ಕಾರಣಗಳಿದ್ದವು ಎಂದು ಮುಗಿಸಿದರೆ ಸಾಕೇ?

ಉತ್ತರ 1ರವರ ಮರುನುಡಿ

ಸಾಲದು. ಎರಡೂ ಇದ್ದವು ಎಂದರೆ ಯಾರೂ ಜಗಳಕ್ಕೆ ಬರುವುದಿಲ್ಲ, ಅಂಚಿನ ಟಿಪ್ಪಣಿ ಮಾತ್ರ ಮತ್ತೊಮ್ಮೆ ಬರುತ್ತದೆ. ಎರಡು ಉತ್ತರಗಳೂ ಬೇರೆ ಬೇರೆ ಫಲಿತಾಂಶವನ್ನು ನಿರೀಕ್ಷಿಸುವ ಒಂದು ಜಾಗವನ್ನು ಹುಡುಕಿ. ನನಗೆ ತೋಚುವ ಜಾಗ 1713. ಆ ವರ್ಷ ಯೂಟ್ರೆಕ್ಟ್‌ನಲ್ಲಿ ಶಾಂತಿ ಒಪ್ಪಂದವಾಯಿತು, ಬ್ರಿಟನ್ನಿನ ಸರ್ಕಾರ ಫ್ರಾನ್ಸಿನೊಂದಿಗೆ ವ್ಯಾಪಾರ ಒಪ್ಪಂದವನ್ನೂ ಮುಂದಿಟ್ಟಿತು. ಅದು ಜಾರಿಗೆ ಬಂದಿದ್ದರೆ ಪೋರ್ಚುಗಲ್ ವೈನಿಗಿದ್ದ ಮೂರನೇ ಒಂದು ಭಾಗದ ರಿಯಾಯಿತಿ ಹೋಗಿ, ಮೆಥುಯೆನ್ ಒಪ್ಪಂದದ ಬುಡವೇ ಅಲುಗುತ್ತಿತ್ತು. ಕೇವಲ ಯುದ್ಧದ ಮೈತ್ರಿಗಾಗಿ ಹುಟ್ಟಿದ ಒಪ್ಪಂದವಾಗಿದ್ದರೆ ಯುದ್ಧ ಮುಗಿದ ಮೇಲೆ ಅದನ್ನು ಉಳಿಸಿಕೊಳ್ಳಲು ಇಂಗ್ಲೆಂಡಿನಲ್ಲಿ ಯಾರೂ ಮೈ ಬಗ್ಗಿಸಬೇಕಾಗಿರಲಿಲ್ಲ. ಆದರೆ ಉಣ್ಣೆ ಉದ್ಯಮದವರೂ ಪೋರ್ಚುಗಲ್ ವ್ಯಾಪಾರದವರೂ ಎದ್ದು ನಿಂತರು, ಸರ್ಕಾರದ ಆ ಮಸೂದೆ ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಬಿದ್ದುಹೋಯಿತು.

ಇದು ಇಂಗ್ಲೆಂಡಿನ ಕಡೆಯ ಸಾಕ್ಷ್ಯ ಎಂಬುದನ್ನು ಮರೆಯಬೇಡಿ; ಪೋರ್ಚುಗಲ್ ಏಕೆ ಸಹಿ ಹಾಕಿತು ಎಂಬ ನಿಮ್ಮ ಪ್ರಶ್ನೆಗೆ ಇದು ನೇರ ಉತ್ತರವಲ್ಲ. ಒಪ್ಪಂದವನ್ನು ಹುಟ್ಟಿಸಿದ ಕಾರಣ ಒಂದು, ಅದನ್ನು ಉಳಿಸಿದ ಕಾರಣ ಇನ್ನೊಂದು ಆಗಿರಬಹುದು. ಪ್ರಬಂಧವನ್ನು ಆ ಎರಡು ಭಾಗವಾಗಿ ಒಡೆದುಕೊಳ್ಳಿ, 1713ರ ಮತದಾನವನ್ನು ನಡುವೆ ಇಡಿ, ಪೋರ್ಚುಗಲ್ಲಿನ ತೋಟಗಾರರ ಬಗ್ಗೆ ನಿಮಗೆ ಗ್ರಂಥಾಲಯದಲ್ಲಿ ಏನು ಸಿಗುತ್ತದೆ ಎಂದು ನೋಡಿಕೊಂಡು ಮೊದಲ ಭಾಗವನ್ನು ಕೊನೆಯಲ್ಲಿ ಬರೆಯಿರಿ.